ತೂಬು ಕಾಯುವವನ ಪಾಲು

ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ, ಅಂದರೆ ಭವದೂರ, ತಾನು ಕಟ್ಟಿಸಿದ ಕೆರೆಯ ಬಗ್ಗೆ ಹಾಕಿಸಿದ್ದು. ದಿನಕ್ಕೆ ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಅದು ಹೇಳುತ್ತದೆ: ಧರ್ಮಿಷ್ಠನಾದ ದೊರೆ, ಜಲಶಾಸ್ತ್ರ ಬಲ್ಲ ವಿದ್ವಾಂಸ, ಗಟ್ಟಿ ನೆಲ, ಸಿಹಿನೀರಿನ ಹೊಳೆ, ಉದ್ದುದ್ದ ಕಲ್ಲು ಸಿಗುವ ಗಣಿ, ಕಟ್ಟಬಲ್ಲ ಕೆಲಸಗಾರರು, ಹೀಗೆ. ಅದು ಎಣಿಸುವ ಆರು ದೋಷಗಳಲ್ಲಿ ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು. ಕಾವೇರಿಯ ಜಗಳ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಹನ್ನೆರಡರಲ್ಲಿ ತೂಬು ಎತ್ತುವವನಿಲ್ಲ.

ನಮ್ಮ ಬಯಲುಸೀಮೆಯಲ್ಲಿ ಆ ಮನುಷ್ಯ ನೀರುಗಂಟಿ. ಊರಿನ ಆಯಗಾರರಲ್ಲಿ ಒಬ್ಬ. ಮಳೆ ಹಿಡಿದರೆ ಏರಿಯ ಮೇಲೆ ತಿರುಗಿ ಏಡಿ, ಇಲಿ ಕೊರೆದ ಬಿಲ ಹುಡುಕುತ್ತಿದ್ದ. ಸೋರಿಕೆ ಕಂಡರೆ ಅಪರಾತ್ರಿಯಲ್ಲೂ ಊರನ್ನು ಎಬ್ಬಿಸುತ್ತಿದ್ದ. ಕೆಲವು ಹಳೆಯ ತೂಬುಗಳಲ್ಲಿ ನೀರೊಳಗೆ ಮುಳುಗಿಯೇ ಬಿರಡೆ ತೆಗೆಯಬೇಕಿತ್ತು. ಆಮೇಲೆ ಅಚ್ಚುಕಟ್ಟಿನ ಉದ್ದಕ್ಕೂ ಮಡೆ ತಿರುವಿ, ತೂಬಿನ ಪಕ್ಕದ ಗದ್ದೆಗೂ ಕೊನೆಯ ಗದ್ದೆಗೂ ಸರದಿ ತಪ್ಪದಂತೆ ನೀರು ಹಾಯಿಸಬೇಕು. ಸಂಬಳ ಕಣದಲ್ಲಿ, ಧಾನ್ಯದಲ್ಲಿ. ಬೆಳೆ ಬಂದರೆ ಅವನಿಗೂ ಪಾಲು, ಒಣಗಿದರೆ ಅವನಿಗೂ ಇಲ್ಲ.

ಕೆರೆ ಅರ್ಧವೇ ತುಂಬಿದ ವರ್ಷಕ್ಕೂ ಕ್ರಮವಿತ್ತು. ದಾಮಾಶ ಎಂಬ ಪದ್ಧತಿಯಲ್ಲಿ ಊರವರು ಕೂತು, ಇರುವ ನೀರಿಗೆ ಎಷ್ಟು ಗದ್ದೆ ಸಾಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದರು. ತೂಬಿನ ಹತ್ತಿರದ ಅಷ್ಟು ನೆಲವನ್ನೇ ಎಲ್ಲರೂ ತಮ್ಮ ಹಿಡುವಳಿಗೆ ತಕ್ಕಂತೆ ಹಂಚಿಕೊಂಡು ಬೆಳೆಯುತ್ತಿದ್ದರು, ಅದು ಯಾರ ಹೆಸರಿನಲ್ಲೇ ಇರಲಿ.

ಕಟ್ಟಿದ್ದನ್ನು ಉಳಿಸಲು ಹಣ ಎಲ್ಲಿಂದ? ಹಿಂದಿನವರು ಅದನ್ನೂ ಯೋಚಿಸಿದ್ದರು. ಬಿತ್ತುವಟ್ಟ, ಕಟ್ಟುಕೊಡಗೆ ಎಂದು ನೆಲವನ್ನೇ ಕೆರೆಗೆ ಬಿಟ್ಟುಕೊಟ್ಟ ಶಾಸನಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ. ಹೂಳು ಹೊರುವ ಗಾಡಿಗಳಿಗಾಗಿಯೇ ದತ್ತಿ ಬಿಟ್ಟವರಿದ್ದಾರೆ. ಹೂಳೆತ್ತುವುದು ಎಂದೂ ಮುಗಿಯುವ ಕೆಲಸವಲ್ಲ. ದಾನಿಗೆ ಅದು ಗೊತ್ತಿತ್ತು. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, ಈ ಸೀಮೆಯಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎನ್ನುವಷ್ಟು ಕೆರೆಗಳಿವೆ ಎಂದು ಹತ್ತೊಂಬತ್ತನೇ ಶತಮಾನದಲ್ಲಿ ಬರೆದ. ಅಷ್ಟು ಕೆರೆಗಳು ಅಲ್ಲಿಯವರೆಗೆ ಬಾಳಿದ್ದು ಕಟ್ಟಿಸಿದವರ ಪುಣ್ಯದಿಂದ ಮಾತ್ರ ಅಲ್ಲ.

ಇದನ್ನೆಲ್ಲ ಹಾಡಿ ಹೊಗಳುವ ಮೊದಲು ಇನ್ನೊಂದು ಮಾತು. ನೀರುಗಂಟಿ ಸಾಮಾನ್ಯವಾಗಿ ದಲಿತ. ಅಚ್ಚುಕಟ್ಟಿನಲ್ಲಿ ಅವನಿಗೆ ಗದ್ದೆ ಇರುತ್ತಿದ್ದುದು ಕಡಿಮೆ, ಆದ್ದರಿಂದ ಪಕ್ಷಪಾತವಿಲ್ಲದೆ ನೀರು ಹಂಚುತ್ತಿದ್ದ ಎಂದು ಮೆಚ್ಚುವವರಿದ್ದಾರೆ. ಗದ್ದೆ ಏಕೆ ಇರಲಿಲ್ಲ ಎಂದು ಅವರು ಕೇಳುವುದಿಲ್ಲ. ಊರಿನ ಎಲ್ಲರ ನೀರು ಅವನ ಕೈಯಲ್ಲಿತ್ತು, ಅವನು ಮಾತ್ರ ಊರಾಚೆ ಇದ್ದ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಚಾಕರಿಯನ್ನು ತೆಗೆದುಹಾಕಿ, ಚಾಕರಿಯ ಇನಾಮು ಭೂಮಿಯನ್ನು ಅದನ್ನು ಅನುಭವಿಸುತ್ತಿದ್ದವರಿಗೇ ಮರುಮಂಜೂರು ಮಾಡಲು ದಾರಿ ಮಾಡಿತು. ಆಗಬೇಕಾದದ್ದೇ. ಆದರೆ ಹುದ್ದೆ ಹೋದ ಮೇಲೆ ಆ ಕೆಲಸವನ್ನು ಸರಿಯಾದ ಸಂಬಳ, ಮರ್ಯಾದೆ ಕೊಟ್ಟು ಯಾರಿಗಾದರೂ ಒಪ್ಪಿಸಬೇಕಿತ್ತು. ಅದಾಗಲಿಲ್ಲ. ಅಷ್ಟರಲ್ಲಿ ಕೊಳವೆಬಾವಿ ಬಂತು. ಸ್ವಂತ ನೀರಿದ್ದವನಿಗೆ ಏರಿಯ ಬಿಲದ ಚಿಂತೆ ಏಕೆ?

ಈಗ ಹೂಳೆತ್ತಲು ಜೆಸಿಬಿ ಬರುತ್ತದೆ, ಫಲಕ ನಿಲ್ಲುತ್ತದೆ, ಗುತ್ತಿಗೆ ಮುಗಿಯುತ್ತದೆ. 2018ರಿಂದ ಕೋಲಾರದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿಯುತ್ತಿದೆ. ಅದರ ಉದ್ದೇಶ ಅಂತರ್ಜಲ ಮರುಪೂರಣ, ತೂಬೆತ್ತಿ ಗದ್ದೆಗೆ ಹಾಯಿಸುವುದಲ್ಲ. ಪಂಚಾಯಿತಿಯಲ್ಲಿ ನೀರುಗಂಟಿ ಈಗಲೂ ಇದ್ದಾನೆ. ಮೋಟಾರು ಹಾಕುತ್ತಾನೆ, ವಾಲ್ವ್ ತಿರುಗಿಸುತ್ತಾನೆ, ಯಾವ ಬೀದಿಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುತ್ತಾನೆ. ಏರಿಯ ಮೇಲೆ ನಡೆದು ಬಿಲ ನೋಡುವುದು ಅವನ ಕೆಲಸದ ಪಟ್ಟಿಯಲ್ಲಿಲ್ಲ. ಸೇರಿಸಿದರೆ ಕೂಲಿಯನ್ನೂ ಸೇರಿಸಬೇಕಾಗುತ್ತದೆ.