ಅಡಿಯ ಎಲೆ

ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ನೋಟು ಎಣಿಸಿದ ಬೆರಳುಗಳಿಗೆ ನಿವೃತ್ತಿ ಎಂಬುದು ಬೇಗ ಅರ್ಥವಾಗುವುದಿಲ್ಲ. ಎಣಿಸುವ ಯಂತ್ರ ಬಂದ ಮೇಲೂ ಅದರ ಲೆಕ್ಕವನ್ನು ಕೈಯಿಂದ ಇನ್ನೊಮ್ಮೆ ತಾಳೆ ನೋಡದೆ ನನಗೆ ಸಮಾಧಾನವಾಗುತ್ತಿರಲಿಲ್ಲ. ಮನೆಯಲ್ಲಿ ಕೂತ ಮೇಲೆ ಆ ಬೆರಳುಗಳು ಸುಮ್ಮನೆ ದಿನಪತ್ರಿಕೆಯ ಅಂಚನ್ನು ತೀಡತೊಡಗಿದವು. ಅದನ್ನು ಕಂಡ ಮಗಳು ಒಂದು ಸಂಜೆ ಇಸ್ಪೀಟು ಕಟ್ಟೊಂದನ್ನು ತಂದು ಕೈಗಿತ್ತು, ಕೈಚಳಕದ ಪಾಠವೊಂದನ್ನು ಮೊಬೈಲಿನಲ್ಲಿ ತೆರೆದಿಟ್ಟು ಹೋದಳು. ನಾನು ಸಂಸಾರ ಹೂಡಿದ ಮನೆಯೊಳಗೆ ಇಸ್ಪೀಟು ಬಂದದ್ದು ಅದೇ ಮೊದಲು. ಬಾರದಂತೆ ನೋಡಿಕೊಂಡವನು ನಾನೇ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಕಲಿತದ್ದು ಎರಡೆಲೆಗಳನ್ನು ಒಂದೇ ಎಲೆಯೆಂಬಂತೆ ಎತ್ತಿ ತೋರಿಸುವ ವಿದ್ಯೆ. ಜಾದೂಗಾರರು ಅದನ್ನು ಡಬಲ್ ಲಿಫ್ಟ್ ಎನ್ನುತ್ತಾರೆ. ಮೇಲಿನ ಎರಡೆಲೆಗಳ ಅಡಿಗೆ ಕಿರುಬೆರಳ ತುದಿಯ ಮಾಂಸವನ್ನು ಕೂದಲೆಳೆಯಷ್ಟು ತೂರಿಸಿ ಸಂದು ಮಾಡಿಕೊಳ್ಳಬೇಕು. ಆ ಸಂದು ಎದುರಿಗಿರುವವರಿಗೆ ಕಾಣಬಾರದು. ಎರಡನ್ನೂ ಒಟ್ಟಿಗೆ ಮಗುಚಿ ‘ಇದೋ ಆಟೀನ್ ರಾಣಿ’ ಎಂದು ತೋರಿಸಿ, ಮತ್ತೆ ಮಗುಚಿ, ಮೇಲಿನ ಒಂದೆಲೆಯನ್ನು ನೋಡುವವರ ಅಂಗೈಯಲ್ಲಿಡಬೇಕು. ಅವರ ಕೈಯಲ್ಲಿರುವುದು ರಾಣಿಯಲ್ಲ. ಹೇಳುವುದಕ್ಕೆ ನಾಲ್ಕು ಸಾಲು, ಕೈಗೆ ಹತ್ತುವುದಕ್ಕೆ ನನಗೆ ನಾಲ್ಕು ತಿಂಗಳು ಬೇಕಾದವು. ಅದರಲ್ಲಿ ಒಂದು ತಿಂಗಳು ಕಳೆದದ್ದು ಕೆಟ್ಟ ಎಲೆಗಳಿಂದ. ನಮ್ಮ ಬೀದಿಯ ಅಂಗಡಿಯ ಪ್ಲಾಸ್ಟಿಕ್ ಎಲೆಗಳು ಒಂದೋ ಜಾರಿ ಚದುರುತ್ತವೆ, ಇಲ್ಲವೇ ಬೆವರಿಗೆ ಅಂಟಿಕೊಳ್ಳುತ್ತವೆ. ಅಮೆರಿಕದಲ್ಲಿ 1885ರಿಂದ ತಯಾರಾಗುತ್ತಿರುವ ಬೈಸಿಕಲ್ ಎಂಬ ಹೆಸರಿನ ಎಲೆಗಳ ಮೈಮೇಲೆ ಸಣ್ಣ ಸಣ್ಣ ತಗ್ಗುಗಳ ಅಚ್ಚು ಇರುತ್ತದೆ. ಅವುಗಳಲ್ಲಿ ನಿಂತ ಗಾಳಿಯ ಮೇಲೆ ಎಲೆ ಎಲೆಯ ಮೇಲೆ ತೇಲಿದಂತೆ ಸರಿಯುತ್ತದೆ. ಕಲಾವಿದರು ಅದನ್ನೇ ಏಕೆ ಹಿಡಿಯುತ್ತಾರೆಂಬುದು ಕೈಗೆ ಬಂದ ದಿನವೇ ತಿಳಿಯಿತು.

ವಿಡಿಯೊ ಪಾಠದ ಗುಣವನ್ನು ಒಪ್ಪಲೇಬೇಕು. ನೂರು ಬಾರಿ ಕೇಳಿದರೂ ಮುಖ ಸಿಂಡರಿಸದ ಗುರು ಬೇರೆಲ್ಲಿ ಸಿಕ್ಕಾನು? ಬೇಕೆಂದಲ್ಲಿ ನಿಲ್ಲಿಸಬಹುದು, ಅರ್ಧ ವೇಗಕ್ಕೆ ಇಳಿಸಬಹುದು. ಕ್ಯಾಮೆರಾ ಕಲಿಸುವವನ ಭುಜದ ಮೇಲಿಂದ ಇಣುಕುವುದರಿಂದ ಅವನ ಕೈಗಳು ನನ್ನವೇ ಆಗಿ ಕಾಣುತ್ತವೆ. ಎದುರು ಕೂತು ಕಲಿಯುವವನಿಗೆ ಎಡ ಬಲವಾಗಿ, ಬಲ ಎಡವಾಗಿ ಕಾಣುವ ಗೊಂದಲ ಇಲ್ಲಿಲ್ಲ. ಆದರೆ ಆ ಗುರು ನಮ್ಮನ್ನು ನೋಡುವುದಿಲ್ಲ. ಇದು ಸಣ್ಣ ಕೊರತೆಯಲ್ಲ. ಎಲೆ ಬದಲಾಗುವ ಕ್ಷಣದಲ್ಲಿ ನಾನು ಕನ್ನಡಿಯ ಮುಂದೆ ಕಣ್ಣು ಮಿಟುಕಿಸುತ್ತಿದ್ದೆ. ನನ್ನ ಕಳ್ಳತನವನ್ನು ನಾನೇ ನೋಡದಂತೆ ಕಣ್ಣು ಮುಚ್ಚಿಕೊಂಡು, ‘ಏನೂ ಕಾಣುತ್ತಿಲ್ಲ, ಕೈ ಪಳಗಿತು’ ಎಂದು ಬೀಗುತ್ತಿದ್ದೆ. ಈ ಕಣ್ಣುಮಿಟುಕು ಕಲಿಯುವವರಲ್ಲಿ ಸಾಮಾನ್ಯವಂತೆ. ನನಗದು ಗೊತ್ತಾದದ್ದು ಪಕ್ಕದಲ್ಲಿ ಹುರುಳಿಕಾಯಿ ಸೋಸುತ್ತ ಕುಳಿತಿದ್ದ ನನ್ನ ಹೆಂಡತಿಯಿಂದ. ತಲೆ ಎತ್ತದೆಯೇ ಆಕೆ ಹೇಳಿದಳು: ‘ಎರಡು ಎಲೆ ಇದೆಯಲ್ರೀ.’

ಕ್ಯಾಮೆರಾಕ್ಕೆ ಒಂದೇ ಕಣ್ಣು, ಅದೂ ಕಲಿಸುವವನು ಇಟ್ಟ ಕಡೆಯೇ ಇರುತ್ತದೆ. ಮನೆಯ ನಡುಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟೂ ಕಡೆಯಿಂದ ಕಣ್ಣುಗಳು. ನಮ್ಮ ಸಂತೆ ಜಾತ್ರೆಗಳಲ್ಲಿ ನೆಲದ ಮೇಲೆ ಬಟ್ಟೆ ಹಾಸಿ, ಬಟ್ಟಲಡಿಯ ಚೆಂಡನ್ನು ಮಾಯ ಮಾಡುತ್ತಿದ್ದ ಗಾರುಡಿಗರ ಸುತ್ತ ಜನ ವೃತ್ತಾಕಾರವಾಗಿ ನಿಂತಿರುತ್ತಿದ್ದರು. ಬೆನ್ನ ಹಿಂದೆಯೂ ಕಣ್ಣು! ಆ ವಿದ್ಯೆಯನ್ನು ನಾವು ಭಿಕ್ಷುಕರ ಆಟವೆಂದು ನಾಲ್ಕಾಣೆ ಎಸೆದು ಬಂದೆವಲ್ಲ ಎಂಬ ಸಂಕೋಚ ಈ ವಯಸ್ಸಿನಲ್ಲಿ ನನ್ನನ್ನು ಕಾಡುತ್ತದೆ.

ಇನ್ನೊಂದು ಮಾತು, ವೇಗದ್ದು. ಕೈ ಕಣ್ಣಿಗಿಂತ ಚುರುಕು ಎಂಬುದು ಜನರ ನಂಬಿಕೆ. ಅದು ನಿಜವಲ್ಲವೆಂದು ತೋರಿಸಿಕೊಟ್ಟವರಲ್ಲಿ ಅರ್ಜೆಂಟೀನಾದ ರೆನೆ ಲಾವಾಂಡ್ ಒಬ್ಬರು. 1928ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಅವರು ಒಂಬತ್ತನೆಯ ವಯಸ್ಸಿನಲ್ಲೇ ಅಪಘಾತದಲ್ಲಿ ಬಲಗೈ ಕಳೆದುಕೊಂಡಿದ್ದರು. ಉಳಿದ ಎಡಗೈಯೊಂದರಿಂದ, ಕಥೆ ಹೇಳುತ್ತ, ಅಷ್ಟು ನಿಧಾನವಾಗಿ ಎಲೆಗಳನ್ನು ಇಡುತ್ತಿದ್ದರೆಂದರೆ ವಿಡಿಯೊವನ್ನು ಇನ್ನೂ ನಿಧಾನಗೊಳಿಸಿದರೂ ಮೋಸದ ಜಾಗ ಸಿಗುವುದಿಲ್ಲ. ನೋಡುವವನ ಗಮನ ಎಲ್ಲಿ ಸಡಿಲವಾಗುತ್ತದೆಂಬುದನ್ನು ಅವರು ಬಲ್ಲರು. 2008ರಲ್ಲಿ ನರವಿಜ್ಞಾನದ ಹೆಸರಾಂತ ನಿಯತಕಾಲಿಕವೊಂದರಲ್ಲಿ ವಿಜ್ಞಾನಿಗಳೂ ಜಾದೂಗಾರರೂ ಕೂಡಿ ಪ್ರಬಂಧ ಬರೆದದ್ದು ಗಮನದ ಈ ಗುಟ್ಟನ್ನು ಕುರಿತೇ.

ಒಂದು ಕಾಲದಲ್ಲಿ ಇಂಥ ಒಂದು ಕೈಚಳಕಕ್ಕಾಗಿ ಜನ ಊರೂರು ಅಲೆದರು. ಕೆನಡಾದಲ್ಲಿ 1894ರಲ್ಲಿ ಹುಟ್ಟಿದ ಡೈ ವರ್ನನ್ 20ನೆಯ ಶತಮಾನದ ಇಸ್ಪೀಟು ಜಾದೂಗಾರರಿಗೆಲ್ಲ ಗುರುವಾದವರು. ಅಮೆರಿಕವು ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ 1932ರಲ್ಲಿ ಅವರು ವಿಚಿಟಾ ನಗರದಲ್ಲಿ ಕಪ್ಪು ಕಾಗದದಲ್ಲಿ ಜನರ ಮುಖದ ನೆರಳುಚಿತ್ರ ಕತ್ತರಿಸಿ ಹೊಟ್ಟೆ ಹೊರೆಯುತ್ತಿದ್ದರು. ಅಲ್ಲಿನ ಸೆರೆಮನೆಯಲ್ಲಿದ್ದ ಜೂಜುಗಾರನೊಬ್ಬ, ಕಟ್ಟಿನ ನಟ್ಟನಡುವಿನಿಂದ ಎಲೆ ತೆಗೆದು ಹಂಚಬಲ್ಲ ಮನುಷ್ಯನೊಬ್ಬನನ್ನು ತಾನು ಕಂಡಿರುವುದಾಗಿ ಹೇಳಿದ. ಅಸಾಧ್ಯವೆಂದು ಎಲ್ಲರೂ ನಂಬಿದ್ದ ಸಂಗತಿಯದು. ವರ್ನನ್ ಹುಡುಕುತ್ತ ಹೋಗಿ, ಮಿಸೂರಿ ರಾಜ್ಯದ ಪ್ಲೆಸೆಂಟ್ ಹಿಲ್ ಎಂಬ ಸಣ್ಣ ಊರಿನಲ್ಲಿ ಅಲೆನ್ ಕೆನಡಿ ಎಂಬಾತನನ್ನು ಪತ್ತೆಹಚ್ಚಿ ಆ ವಿದ್ಯೆಯನ್ನು ಕಣ್ಣಾರೆ ಕಂಡು ಕಲಿತರು. ಇದೇ ವರ್ನನ್ 1982ರಲ್ಲಿ, ತಮ್ಮ ಎಂಬತ್ತೆಂಟನೆಯ ವಯಸ್ಸಿನಲ್ಲಿ, ಶಿಷ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಲ್ಲದ್ದನ್ನೆಲ್ಲ ವಿಡಿಯೊ ಕ್ಯಾಮೆರಾದ ಮುಂದೆ ಹೇಳಿದರು. ಆ ಟೇಪುಗಳನ್ನು ನೋಡಿ ಬೆಳೆದ ಪೀಳಿಗೆಯೊಂದಿದೆ. 2005ರಲ್ಲಿ ಯೂಟ್ಯೂಬ್ ಬಂದ ಮೇಲಂತೂ ಬಾಗಿಲೇ ಇಲ್ಲದಂತಾಯಿತು. ಪ್ಲೆಸೆಂಟ್ ಹಿಲ್ ಈಗ ನನ್ನ ಜೇಬಿನಲ್ಲಿದೆ.

ಆ ಜೇಬಿನಿಂದಲೇ ಒಂದು ರಾತ್ರಿ ನನಗೆ ಬೇಡದ್ದೊಂದು ಎದ್ದು ಬಂತು. ಪಾಠ ಅಡಿಯ ಎಲೆ ಹಾಕುವುದನ್ನು ಕುರಿತದ್ದು. ಕಟ್ಟು ಎಡಗೈಯಲ್ಲಿ, ತೋರುಬೆರಳು ಮುಂದಿನ ಅಂಚನ್ನು ಬಳಸಿ ಬಾಗಿರುತ್ತದೆ, ಉಳಿದ ಮೂರು ಬೆರಳು ಬಲಬದಿಯಲ್ಲಿ, ಹೆಬ್ಬೆರಳು ಮೇಲೆ. ಹೆಬ್ಬೆರಳು ಮೇಲಿನ ಎಲೆಯನ್ನು ಮುಂದಕ್ಕೆ ತಳ್ಳುತ್ತದೆ, ಬಲಗೈ ಅದನ್ನು ತೆಗೆದುಕೊಳ್ಳಲೆಂಬಂತೆ ಬರುತ್ತದೆ. ಆದರೆ ಬಲಗೈ ಬೆರಳು ಎಳೆಯುವುದು ಅಡಿಯ ಎಲೆಯನ್ನು. ಅದೇ ಕ್ಷಣಕ್ಕೆ ಹೆಬ್ಬೆರಳು ಮೇಲಿನದನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಇದನ್ನು ಹಿಡಿಯುವುದಾದರೆ ಹೆಚ್ಚಾಗಿ ಶಬ್ದದಿಂದಲೇ ಎಂದು ಕಲಿಸುವಾತ ಹೇಳುತ್ತಿದ್ದ. ಅಡಿಯಿಂದ ಬರುವ ಎಲೆ ತುಸು ಗಟ್ಟಿಯಾಗಿ ಕೆರೆಯುತ್ತದೆ. ನಾನು ಶಬ್ದವನ್ನು ಕೇಳುತ್ತಿರಲಿಲ್ಲ. ಆ ಬಾಗಿದ ತೋರುಬೆರಳನ್ನು ನೋಡುತ್ತಿದ್ದೆ. ಅದನ್ನು ನಾನು ಮೊದಲು ಕಂಡಿದ್ದೆ.

ಮಂಡ್ಯದ ಕಡೆಯ ನಮ್ಮೂರಿನಲ್ಲಿ ಯುಗಾದಿಯೆಂದರೆ ಬೇವು ಬೆಲ್ಲದಷ್ಟೇ ಇಸ್ಪೀಟೂ ಹೌದು. ಹಬ್ಬದ ದಿನ ಆರಂಭವಾದ ಆಟ ಹೊಸತೊಡಕು ಕಳೆದರೂ ಮುಗಿಯುತ್ತಿರಲಿಲ್ಲ. ಆಡುತ್ತಿದ್ದದ್ದು ಒಳಗೆ–ಹೊರಗೆ. ಒಂದು ಎಲೆಯನ್ನು ಜೋಕರ್ ಎಂದು ತೆರೆದಿಟ್ಟು, ಒಳಗೊಂದು ಹೊರಗೊಂದು ಎಲೆ ಹಾಕುತ್ತ ಹೋದಂತೆ ಅದರ ಜೋಡಿ ಯಾವ ಕಡೆ ಬೀಳುತ್ತದೋ ಆ ಕಡೆಗೆ ಹಣ ಕಟ್ಟಿದವನು ಗೆದ್ದ. ಇದರಲ್ಲಿ ಜಾಣತನಕ್ಕೆ ಎಡೆಯೇ ಇಲ್ಲ, ಬರೀ ಅದೃಷ್ಟ ಎಂದು ಆಡುವವರೆಲ್ಲ ಹೇಳುತ್ತಾರೆ. ಆದರೆ ಜೋಕರಿಗೆ ಜೋಡಿಯಾಗುವ ಎಲೆಯನ್ನು ಅಡಿಯಲ್ಲಿ ಕಾದಿಟ್ಟವನಿಗೆ, ದೊಡ್ಡ ಹಣ ಬಿದ್ದ ಕಡೆಯನ್ನು ಬಿಟ್ಟು ಇನ್ನೊಂದು ಕಡೆ ಅದನ್ನು ಕೆಡವುವುದು ಎಷ್ಟು ಹೊತ್ತಿನ ಕೆಲಸ? 1973ರ ಯುಗಾದಿಯಂದು ನಮ್ಮಪ್ಪ ನಾಲೆ ಕೆಳಗಿನ ಒಂದೂವರೆ ಎಕರೆ ಗದ್ದೆಯನ್ನು ಹೀಗೆ ಸೋತರು. ನನಗೆ ಹತ್ತು ವರ್ಷ; ಲಾಟೀನು ಹಿಡಿದು ಅವರನ್ನು ಕರೆಯಲು ಹೋಗಿ ಅಲ್ಲೇ ಕೂತಿದ್ದೆ. ಎಲೆ ಹಾಕುತ್ತಿದ್ದವನು ಪರವೂರಿನವನು. ಅವನ ಮುಖ ನೆನಪಿಲ್ಲ. ಆ ಬೆರಳು ನೆನಪಿದೆ.

ಇದು ಪುರಾವೆಯಲ್ಲ, ನನಗೆ ಗೊತ್ತು. ಕಟ್ಟನ್ನು ಹಾಗೆ ಹಿಡಿಯುವ ಪ್ರಾಮಾಣಿಕರು ಎಷ್ಟೋ ಜನ. ಐದು ದಶಕದ ಹಿಂದಿನ ನೆನಪಿಗೆ ನಿನ್ನೆ ನೋಡಿದ ವಿಡಿಯೊದ ಬಣ್ಣ ಮೆತ್ತಿಕೊಂಡಿರಲೂಬಹುದು. ಕ್ಯಾಷಿಯರನಾಗಿ ನಾನು ಇಂಥ ಸಾಕ್ಷಿಯ ಮೇಲೆ ಒಂದು ರೂಪಾಯಿಯನ್ನೂ ಕೊಡುತ್ತಿರಲಿಲ್ಲ. ಆದರೂ ಅಪ್ಪ ಸಾಯುವವರೆಗೆ ನಾವು ಅವರನ್ನು ಬುದ್ಧಿಗೇಡಿಯೆಂದೇ ನೋಡಿದೆವು. ಅವ್ವ ಅವರೊಡನೆ ನೆಟ್ಟಗೆ ಮಾತಾಡಲಿಲ್ಲ. ಜೂಜಾಡಿದ್ದು ಅವರ ತಪ್ಪೇ. ಆದರೆ ಅದೃಷ್ಟದ ಎದುರು ಸೋಲುವುದು ಬೇರೆ, ನುರಿತ ಕೈಯೊಂದರ ಎದುರು ಸೋಲುವುದು ಬೇರೆ. ಈ ವ್ಯತ್ಯಾಸ ಅವರಿಗೆ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ.

ಇಂಥ ವಿದ್ಯೆಯನ್ನು ಕಂಡಕಂಡವರಿಗೆಲ್ಲ ಕಲಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಳೆಯದು. 1902ರಲ್ಲಿ ಷಿಕಾಗೊದಲ್ಲಿ ಎಸ್. ಡಬ್ಲ್ಯು. ಎರ್ಡ್‌ನೇಸ್ ಎಂಬ ಹೆಸರಿನಲ್ಲಿ ಪುಸ್ತಕವೊಂದು ಪ್ರಕಟವಾಯಿತು. ಅದರ ಮೊದಲ ಭಾಗ ಪೂರ್ತಿ ಜೂಜಿನ ಮೋಸದ್ದೇ. ಅಡಿಯ ಎಲೆಯೂ ಅದರಲ್ಲಿದೆ. ಬರೆದವನು ನಿಜಕ್ಕೂ ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಹಣ ಬೇಕಿತ್ತು, ಬರೆದೆ ಎಂಬ ಧಾಟಿಯಲ್ಲಿ ಆತ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಾನ್ ಸ್ಕಾರ್ನ್ ಎಂಬ ಜಾದೂಗಾರ ಅಮೆರಿಕದ ಸೇನಾ ಶಿಬಿರಗಳಿಗೆ ಹೋಗಿ, ಸಂಬಳವನ್ನೆಲ್ಲ ಜೂಜಿನಲ್ಲಿ ಕಳೆದುಕೊಳ್ಳುತ್ತಿದ್ದ ಸೈನಿಕರೆದುರು ಇದೇ ಮೋಸಗಳನ್ನು ಮಾಡಿ ತೋರಿಸಿದರು. ನನ್ನ ಒಲವು ಸ್ಕಾರ್ನ್ ಕಡೆಗೆ. ಖೋಟಾ ನೋಟನ್ನು ಒಮ್ಮೆ ಬೆರಳಲ್ಲಿ ಹಿಡಿದು ಬಲ್ಲವನೇ ಮುಂದೆ ಅದನ್ನು ಕೌಂಟರಿನಲ್ಲಿ ತಡೆಯುವುದು. ಮೋಸಗಾರನಿಗೆ ವಿಡಿಯೊ ಬೇಕಿಲ್ಲ, ಅವನು ಅದಿಲ್ಲದ ಕಾಲದಲ್ಲೂ ಕಲಿತಿದ್ದ. ಅರೆ ನಿಮಿಷದಲ್ಲಿ ಗುಟ್ಟು ಹೇಳಿ ನಗುವ ವಿಡಿಯೊಗಳ ಮೇಲೆ ಜಾದೂಗಾರರಿಗಿರುವ ಸಿಟ್ಟು ಮಾತ್ರ ನ್ಯಾಯವಾದದ್ದು. ಅವು ಬೆರಗನ್ನು ಕೊಲ್ಲುತ್ತವೆ, ಕೈಗೆ ಏನನ್ನೂ ಕೊಡುವುದಿಲ್ಲ. (ಇನ್ನು ಮೊಬೈಲಿನಲ್ಲಿ ಹಣ ಕಟ್ಟಿ ಆಡುತ್ತಿದ್ದ ರಮ್ಮಿಯಲ್ಲಿ ನೋಡಲು ಒಂದು ಕೈಯಾದರೂ ಇತ್ತೇ? ಹಣವಿಟ್ಟು ಆಡುವ ಅಂಥ ಆಟಗಳನ್ನು ನಿಷೇಧಿಸುವ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಡಲು 2025ರ ಆಗಸ್ಟ್‌ವರೆಗೆ ಕಾಯಬೇಕಾಯಿತು.)

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಕಟ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಅಂದು ರಾತ್ರಿ ಆ ಜಗುಲಿಯ ಕಂಬದ ಮರೆಯಲ್ಲಿ ಅವಳೂ ನಿಂತಿದ್ದಳು. ಊಟವಾದ ಮೇಲೆ ಅವಳೆದುರು ಚಾಪೆಯ ಮೇಲೆ ಕೂತು ಕಳಾವರ್ ರಾಜನನ್ನು ಜೋಕರ್ ಎಂದು ತೆರೆದಿಟ್ಟೆ. ‘ಯಾವ ಕಡೆ ಬೀಳಬೇಕು ಹೇಳಕ್ಕ’ ಎಂದೆ. ‘ಹೊರಗೆ’ ಎಂದಳು. ಹೊರಗೇ ಬಿತ್ತು. ಮತ್ತೆ ‘ಒಳಗೆ’ ಎಂದಳು, ಒಳಗೆ ಬಿತ್ತು. ಮೂರನೆಯ ಬಾರಿ ನಿಧಾನವಾಗಿ, ಅಡಿಯಿಂದ ಎಲೆ ಜಾರಿ ಬರುವುದನ್ನು ಕೈ ಓರೆ ಮಾಡಿ ತೋರಿಸಿದೆ. ಅಭ್ಯಾಸ ಸಾಲದ್ದರಿಂದ ಎಲೆ ಕೆರೆದ ಸದ್ದು ಕೇಳಿಸಿತು.

ಅಕ್ಕ ಬಹಳ ಹೊತ್ತು ನನ್ನ ಕೈಯನ್ನೇ ನೋಡಿದಳು. ಆಮೇಲೆ ಕೇಳಿದಳು: ‘ಅವನು ಎಲೆ ಹಾಕ್ತಾ ಹಾಕ್ತಾ ಕೆಮ್ತಿದ್ನಲ್ಲಪ್ಪ, ಅದೂ ಇದಕ್ಕೇನಾ?’

ಕೆಮ್ಮು ನನಗೆ ನೆನಪಿರಲಿಲ್ಲ. ಎಲೆಗಳನ್ನು ಕೂಡಿಸಿ ಕಲಸಿದೆ. ‘ಇನ್ನೊಂದ್ಸಲ ಹಾಕು’ ಎಂದು ಅವಳು ಕನ್ನಡಕ ತರಲು ಒಳಗೆ ಹೋದಳು.