ಚೌಕಟ್ಟು ಎಷ್ಟು ಗಟ್ಟಿ, ವಾರಂಟಿ ಎಷ್ಟು ಗಟ್ಟಿ?

ಸೈಕಲ್ಲೆಂದರೆ ಶಾಲೆಗೋ ಸಂತೆಗೋ ಹೋಗಿಬರುವ ವಾಹನವೆಂದೇ ತಿಳಿದು ಬೆಳೆದವರು ನಾವು. ಈಗಿನ ಕೆಲವು ಮಕ್ಕಳಿಗಾದರೋ ಅದು ಎಲ್ಲಿಗೂ ಹೋಗಬೇಕಾಗಿಲ್ಲದ ವಾಹನ! ಅಂಗಳದಷ್ಟು ಸಮತಟ್ಟು ನೆಲವಿದ್ದರೆ ಸಾಕು. ಒಂದೇ ಚಕ್ರದ ಮೇಲೆ ನಿಂತು, ಸೈಕಲ್ಲನ್ನು ಬುಗುರಿಯಂತೆ ತಿರುಗಿಸಿ, ನೆಲಕ್ಕೆ ಕಾಲು ತಾಗಿಸದೆ ಮತ್ತೆ ಸೀಟಿಗೆ ಮರಳುತ್ತಾರೆ. ಈ ಕಸರತ್ತಿಗೆ ಫ್ಲ್ಯಾಟ್‌ಲ್ಯಾಂಡ್ ಬಿ.ಎಂ.ಎಕ್ಸ್. ಎಂದು ಹೆಸರು. ಮೊಬೈಲಿನಲ್ಲಿ ಇದನ್ನು ಕಂಡ ಮಗನೋ ಮಗಳೋ ಅಂಥ ಸೈಕಲ್ಲು ಬೇಕೆಂದು ಹಟ ಹಿಡಿದಾಗ ತಂದೆತಾಯಿಯರು ಬೆಲೆಯನ್ನು ನೋಡುತ್ತಾರೆ, ಮಕ್ಕಳು ಬಣ್ಣವನ್ನು ನೋಡುತ್ತಾರೆ. ನಿಜವಾಗಿ ನೋಡತಕ್ಕವು ಬೇರೆ ಎರಡು: ಒಂದು ಚೌಕಟ್ಟು, ಎಂದರೆ ಫ್ರೇಮು; ಇನ್ನೊಂದು ಅದರೊಡನೆ ಬರುವ ವಾರಂಟಿ ಪತ್ರ.

ಈ ಆಟದ ತವರು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ. 1970ರ ಸುಮಾರಿಗೆ ಅಲ್ಲಿಯ ಹುಡುಗರು ಮೋಟಾರ್ ಸೈಕಲ್ ಪಂದ್ಯಗಳನ್ನು ಅನುಕರಿಸಿ ಮಣ್ಣಿನ ಹಾದಿಯಲ್ಲಿ ಸಣ್ಣ ಸೈಕಲ್ಲುಗಳನ್ನು ಓಡಿಸತೊಡಗಿದರು. ಆ ದಶಕದ ಕೊನೆಗೆ ಬಾಬ್ ಹ್ಯಾರೋ ಮೊದಲಾದವರು ಓಟದಿಂದ ಚಮತ್ಕಾರದ ಕಡೆಗೆ ತಿರುಗಿದರು. 1982ರಲ್ಲಿ ಹ್ಯಾರೋ ಅವರ ಸಂಸ್ಥೆ ಇದಕ್ಕೆಂದೇ ರೂಪಿಸಿದ ಚೌಕಟ್ಟನ್ನು ಮಾರುಕಟ್ಟೆಗೆ ತಂದಿತು. ಓಟಕ್ಕಾಗಿ ಮಾಡಿದ ಚೌಕಟ್ಟು ಕಸರತ್ತಿಗೆ ಸಾಲದೆಂಬುದು ಅಂದೇ ಮನವರಿಕೆಯಾಗಿತ್ತು.

ಸಾಮಾನ್ಯ ಸೈಕಲ್ಲು ಏಕೆ ಸಾಲದು?

ಫ್ಲ್ಯಾಟ್‌ಲ್ಯಾಂಡಿನಲ್ಲಿ ಚಕ್ರದ ಅಚ್ಚಿನ ತುದಿಗೆ ಪೆಗ್ ಎಂಬ ಲೋಹದ ಮೆಟ್ಟನ್ನು ಜೋಡಿಸಿ ಅದರ ಮೇಲೆ ನಿಲ್ಲುತ್ತಾರೆ. ಆಗ ಸವಾರನ ಪೂರ್ಣ ಭಾರವು ಒಂದೇ ಅಚ್ಚಿನ ಒಂದೇ ಬದಿಗೆ ಬೀಳುತ್ತದೆ. ಸಾಧಾರಣ ಸೈಕಲ್ಲಿನ ಅಚ್ಚು ಸುಮಾರು 10 ಮಿಲಿಮೀಟರು ದಪ್ಪ. ಪೆಗ್ಗಿಗೆ ತಕ್ಕುದು 14 ಮಿಲಿಮೀಟರಿನದು. ತೆಳು ಅಚ್ಚಿಗೆ ಹೇಗೋ ಪೆಗ್ಗನ್ನು ಬಿಗಿದು ಕೊಟ್ಟರೆ ಅದು ಮಗುವಿಗೆ ಕೊಟ್ಟ ಉಡುಗೊರೆಯಲ್ಲ, ಅಪಾಯ.

ಲೋಹದ ವಿಚಾರ

ಒಳ್ಳೆಯ ಚೌಕಟ್ಟುಗಳ ಮೇಲೆ 4130 ಎಂಬ ಅಂಕೆ ಕಾಣಸಿಗುತ್ತದೆ. ಇದು ಮಾದರಿಯ ಸಂಖ್ಯೆಯಲ್ಲ, ಉಕ್ಕಿನ ಜಾತಿ. 41 ಎಂದರೆ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಉಕ್ಕು. 30 ಎಂದರೆ ಅದರಲ್ಲಿ ಇಂಗಾಲವು ಶೇಕಡಾ 0.30ರಷ್ಟಿದೆ ಎಂದರ್ಥ. ಕ್ರೋಮೋಲಿ ಎಂದು ಕರೆಯುವುದು ಇದನ್ನೇ. ಅಗ್ಗದ ಸೈಕಲ್ಲುಗಳ ಹೈಟೆನ್ ಉಕ್ಕು ಇದೇ ಬಲಕ್ಕೆ ಹೆಚ್ಚು ದಪ್ಪವಾಗಿ, ಹೆಚ್ಚು ಭಾರವಾಗಿ ಇರಬೇಕಾಗುತ್ತದೆ. ಇಲ್ಲೊಂದು ಸೂಕ್ಷ್ಮವುಂಟು. ಕೆಲವು ಚೌಕಟ್ಟುಗಳಲ್ಲಿ ಮುಂಭಾಗದ ಮೂರು ಕೊಳವೆಗಳು ಮಾತ್ರ, ಮತ್ತೆ ಕೆಲವಲ್ಲಿ ಒಂದೇ ಒಂದು ಕೊಳವೆ ಮಾತ್ರ ಕ್ರೋಮೋಲಿಯದಾಗಿದ್ದು, ಉಳಿದುದು ಹೈಟೆನ್ ಆಗಿರುತ್ತದೆ. ‘ಪೂರ್ತಿ ಕ್ರೋಮೋಲಿಯೆ?’ ಎಂದು ಕೇಳಿ, ಉತ್ತರವನ್ನು ಬಿಲ್ಲಿನಲ್ಲಿ ಬರೆಯಿಸಿಕೊಳ್ಳುವುದು ಲೇಸು.

ಅಲ್ಯುಮಿನಿಯಂ ಹಗುರ, ತುಕ್ಕಿನ ಕಾಟವೂ ಕಡಿಮೆ. ಆದರೆ ಉಕ್ಕಿಗೆ ಒಂದು ಮಿತಿಯುಂಟು. ಅದಕ್ಕಿಂತ ಕಡಿಮೆಯ ಒತ್ತಡ ಎಷ್ಟು ಸಲ ಬಿದ್ದರೂ ಅದು ದಣಿದು ಬಿರಿಯುವುದಿಲ್ಲ. ಅಲ್ಯುಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಅಯಸ್ಕಾಂತವೊಂದನ್ನು ಅಂಗಡಿಗೆ ಒಯ್ದರೆ ಯಾವುದು ಯಾವುದೆಂಬುದು ಕ್ಷಣದಲ್ಲಿ ತಿಳಿದೀತು. ಅದು ಅಲ್ಯುಮಿನಿಯಂಗೆ ಅಂಟದು.

ಅಳತೆಯನ್ನೂ ಮರೆಯಬಾರದು. ಫ್ಲ್ಯಾಟ್‌ಲ್ಯಾಂಡಿನ ಚಕ್ರ 20 ಇಂಚಿನದು. ಹಿಂಭಾಗ ಗಿಡ್ಡ, ಮೇಲಿನ ಕೊಳವೆಯೂ ಗಿಡ್ಡ. ಬೆಳೆಯುವ ಮಗುವಿಗೆ ಒಂದಷ್ಟು ದೊಡ್ಡದೇ ಇರಲೆಂದು ಅಂಗಿ ಹೊಲಿಸುವಂತೆ ಇದನ್ನು ಕೊಳ್ಳಲಾಗದು. ದೇಹಕ್ಕೆ ಮೀರಿದ ಸೈಕಲ್ಲು ಹಿಡಿತಕ್ಕೆ ಬಾರದು.

ವಾರಂಟಿ ಏನನ್ನು ಹೇಳುತ್ತದೆ?

ವಾರಂಟಿ ಎಂದರೆ ಚೌಕಟ್ಟು ಮುರಿಯದೆಂಬ ಭಾಷೆಯಲ್ಲ. ಲೋಹದಲ್ಲಾಗಲಿ ಬೆಸುಗೆಯಲ್ಲಾಗಲಿ ತಯಾರಿಕೆಯ ದೋಷವಿದ್ದರೆ ಸರಿಪಡಿಸಿಕೊಡುವೆವು ಅಥವಾ ಬದಲಿಸಿಕೊಡುವೆವು ಎಂಬ ಷರತ್ತಿನ ಮಾತು, ಅಷ್ಟೆ. ಸಾಮಾನ್ಯವಾಗಿ ಅದು ಮೊದಲನೆಯ ಕೊಳ್ಳುಗನಿಗೆ ಮಾತ್ರ ಸಲ್ಲುತ್ತದೆ. ಅಣ್ಣನ ಗೆಳೆಯನಿಂದ ಕೊಂಡ ಸೈಕಲ್ಲಿಗೆ ‘ಆಜೀವ ವಾರಂಟಿ’ಯ ಚೀಟಿಯಿದ್ದರೂ ಪ್ರಯೋಜನವಾಗದಿರಬಹುದು. ಸವೆತ, ತುಕ್ಕು, ಬಣ್ಣ, ಅಪಘಾತ, ತಪ್ಪು ಜೋಡಣೆ ಇವು ಬಹುಮಟ್ಟಿಗೆ ಅದರ ಹೊರಗೆ.

ಎಲ್ಲಕ್ಕಿಂತ ಮುಖ್ಯವಾದ ಸಾಲು ಸಣ್ಣಕ್ಷರಗಳಲ್ಲಿರುತ್ತದೆ. ಕಸರತ್ತು, ಜಿಗಿತ, ಸ್ಪರ್ಧೆಗಳಿಗೆ ಬಳಸಿದರೆ ವಾರಂಟಿ ಇಲ್ಲವೆಂದು ಅನೇಕ ಸೈಕಲ್ಲುಗಳ ಪತ್ರದಲ್ಲಿ ಬರೆದಿರುತ್ತದೆ. ನೋಟಕ್ಕೆ ಬಿ.ಎಂ.ಎಕ್ಸ್.ನಂತೆಯೇ ಇರುವ ಸೈಕಲ್ಲಿಗೂ ಈ ಷರತ್ತು ಇರಬಹುದು. ಕಸರತ್ತಿಗೆಂದೇ ಕೊಂಡು, ಕಸರತ್ತು ಮಾಡಿದ್ದಕ್ಕಾಗಿಯೇ ಹಕ್ಕನ್ನು ಕಳೆದುಕೊಳ್ಳುವುದೆಂದರೆ ಏನನ್ನೋಣ! ಹಣ ಕೊಡುವ ಮುನ್ನ ಆ ಪತ್ರವನ್ನು ಓದಬೇಕು. ಇಂಗ್ಲಿಷ್ ಬಾರದವರು ಬಲ್ಲವರಿಂದ ಓದಿಸಬೇಕು.

ಗಡಿಯಾಚೆ ಕೊಂಡಾಗ

ಕಾಸರಗೋಡಿನವರು ಮಂಗಳೂರಿನಲ್ಲಿ, ಹೊಸೂರಿನವರು ಬೆಂಗಳೂರಿನಲ್ಲಿ ಕೊಳ್ಳುವುದು ನಮಗೆ ಸಹಜ. ‘ಬೇರೆ ರಾಜ್ಯದ ಅಂಗಡಿ, ಯಾರು ಅಲೆಯುವರು?’ ಎಂದು ಕೈಬಿಡುವವರೂ ಉಂಟು. 1986ರ ಗ್ರಾಹಕ ಕಾಯಿದೆಯಲ್ಲಿ ವ್ಯಾಪಾರಿಯಿರುವ ಅಥವಾ ವ್ಯವಹಾರ ನಡೆದ ಕಡೆಯೇ ದೂರು ಕೊಡಬೇಕಾಗಿತ್ತು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಅವಧಿ 2 ವರ್ಷ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. 1915 ಎಂಬ ರಾಷ್ಟ್ರೀಯ ಸಹಾಯವಾಣಿಯಲ್ಲಿ ಮೊದಲು ಸಲಹೆಯನ್ನೂ ಪಡೆಯಬಹುದು. ಗಡಿನಾಡಿನವರಾದ ನಮಗೆ ಇದೊಂದು ದೊಡ್ಡ ಅನುಕೂಲವೇ ಸರಿ. ಆದರೆ ಕೈಯಲ್ಲಿ ಬಿಲ್ಲು ಇರಬೇಕು. ಚೌಕಟ್ಟಿನ ಕೆಳಗೆ ಕೊರೆದಿರುವ ಕ್ರಮಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆದಿಟ್ಟಿರಬೇಕು.

ಬಿರುಕು ಕಂಡರೆ

ಚೌಕಟ್ಟು ಅನೇಕ ವೇಳೆ ಮುನ್ಸೂಚನೆ ಕೊಟ್ಟೇ ಮುರಿಯುತ್ತದೆ. ವಾರಕ್ಕೊಮ್ಮೆ ಒರೆಸುವಾಗ ಹ್ಯಾಂಡಲಿನ ಕೆಳಗಿನ ಬೆಸುಗೆ, ಪೆಡಲಿನ ಗೂಡು, ಹಿಂದಿನ ಅಚ್ಚು ಕೂರುವ ಸೀಳು ಇವನ್ನು ನೋಡುವ ಅಭ್ಯಾಸವನ್ನು ಮಗುವಿಗೆ ಕಲಿಸಿರಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ, ಅದರಿಂದ ಒಸರುವ ತುಕ್ಕು, ಹೊಸದಾಗಿ ಕೇಳುವ ಕಿರುಗುಟ್ಟುವಿಕೆ ಕಂಡುಬಂದ ದಿನವೇ ಸವಾರಿ ನಿಲ್ಲಬೇಕು. ಊರಿನ ವೆಲ್ಡಿಂಗ್ ಅಂಗಡಿಗೆ ಒಯ್ಯುವುದು ಬೇಡ. ತೆಳು ಕೊಳವೆಯ ಬಲ ಆ ಕಾವಿಗೆ ಕುಗ್ಗುತ್ತದೆ. ವಾರಂಟಿಯೂ ಹೋಗುತ್ತದೆ, ದೋಷದ ಸಾಕ್ಷಿಯೂ ಅಳಿಯುತ್ತದೆ. ಫೋಟೋ ತೆಗೆದಿಟ್ಟು, ಮುರಿದುದನ್ನು ಹಾಗೆಯೇ ಉಳಿಸಿಕೊಂಡು, ಅಂಗಡಿಗೆ ಲಿಖಿತವಾಗಿ ತಿಳಿಸಿರಿ.

ಚೌಕಟ್ಟು ಬದಲಾಗಿ ಬಂದೀತು, ಹಣವೂ ಮರಳೀತು. ಮುರಿದ ಹಲ್ಲಿಗೋ ಕೈಗೋ ಯಾವ ಚೀಟಿಯಲ್ಲಿಯೂ ವಾರಂಟಿ ಬರೆದಿರುವುದಿಲ್ಲ. ಸೈಕಲ್ಲಿನ ಜತೆಗೆ ಹೆಲ್ಮೆಟ್ಟನ್ನೂ ಅದೇ ಬಿಲ್ಲಿನಲ್ಲಿ ಸೇರಿಸಿಬಿಡಿ.