ಗೃಹಸ್ಥನು ಮೊದಲೇ ಮಾಡಿಡತಕ್ಕ ಕೊನೆಯ ಏರ್ಪಾಡು

ಷೋಡಶ ಸಂಸ್ಕಾರಗಳಲ್ಲಿ ಕೊನೆಯದಾದ ಅಂತ್ಯೇಷ್ಟಿಗೆ ಉಳಿದವುಗಳಿಗಿಲ್ಲದ ಒಂದು ವೈಲಕ್ಷಣ್ಯವುಂಟು. ಮಗನ ಉಪನಯನಕ್ಕೂ ಮಗಳ ವಿವಾಹಕ್ಕೂ ತಿಂಗಳುಗಟ್ಟಲೆ ಮೊದಲು ಮುಹೂರ್ತ ನೋಡಿ, ಪಟ್ಟಿ ಬರೆದು, ಹಣ ಕೂಡಿಟ್ಟು, ಬಂಧುಗಳನ್ನು ವಿಚಾರಿಸಿ ಕೆಲಸಕ್ಕೆ ತೊಡಗುವೆವು. ಎಲ್ಲರಿಗೂ ನಿಶ್ಚಯವಾಗಿ ಬರತಕ್ಕ ಈ ಕಾರ್ಯಕ್ಕೆ ಮಾತ್ರ ಒಂದು ದಿನದ ಸಿದ್ಧತೆಯೂ ಇರುವುದಿಲ್ಲ. ಅತ್ಯಂತ ದುಃಖದಲ್ಲಿರುವವರು, ಅತ್ಯಲ್ಪ ಕಾಲದಲ್ಲಿ, ಯಾರನ್ನು ಕೇಳಬೇಕೋ ಅವರನ್ನೇ ಕೇಳಲಾಗದೆ ಸಕಲವನ್ನೂ ನಿರ್ಣಯಿಸಬೇಕಾಗುವುದು.

ಬದುಕಿರುವಾಗಲೇ ಈ ಮಾತನ್ನೆತ್ತುವುದು ಅಮಂಗಲವೆಂದು ಕೆಲವರು ಹೇಳುವರು. ಆದರೆ ನಮ್ಮ ಪೂರ್ವಿಕರು ಹಾಗೆಣಿಸಲಿಲ್ಲ. ಸಂನ್ಯಾಸವನ್ನು ಸ್ವೀಕರಿಸುವವನು ಮೊದಲು ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳುವನು. ಲಿಂಗಪುರಾಣದಲ್ಲಿ ಜೀವಚ್ಛ್ರಾದ್ಧದ ವಿಧಿಯನ್ನು ಹೇಳಿದೆ. ಗಯೆಯಲ್ಲಿ ಸಂತಾನವಿಲ್ಲದವರು ತಮ್ಮ ಪಿಂಡವನ್ನು ತಾವೇ ಜನಾರ್ದನನ ಕೈಗೆ ಒಪ್ಪಿಸುವ ಪದ್ಧತಿಯೂ ಉಂಟು. ಆದುದರಿಂದ ಸ್ವಂತ ಅಂತ್ಯಕ್ರಿಯೆಯ ಚಿಂತನೆಯು ಶಾಸ್ತ್ರಕ್ಕೆ ಹೊರತಾದುದಲ್ಲ.

ಪುತ್ತೂರು, ಸುಳ್ಯ, ಕಡಬದ ಕಡೆಗಳಲ್ಲಿ ಹಿಂದೆ ಇದಕ್ಕೊಂದು ಮೌನವಾದ ವ್ಯವಸ್ಥೆಯಿತ್ತು. ಸ್ವಂತ ಜಾಗದ ಅಂಚಿನಲ್ಲೇ ದಹನ. ಚಿತೆಗೆ ಹಿತ್ತಿಲಿನ ಮಾವಿನ ಮರ. ಕಡಿಯಲು, ಹೊರಲು, ಒಟ್ಟಲು ನೆರೆಹೊರೆಯವರು. ಯಾರನ್ನೂ ಕರೆಯಬೇಕಾಗಿರಲಿಲ್ಲ, ಸುದ್ದಿ ತಿಳಿದವರು ತಾವಾಗಿ ಬರುತ್ತಿದ್ದರು. ಈಗ ಜಾಗ ಪಾಲಾಗಿದೆ, ಮಾವಿನ ಮರಗಳು ವಿರಳವಾಗಿವೆ, ಮಕ್ಕಳು ಬೆಂಗಳೂರಿನಲ್ಲೋ ಕೊಲ್ಲಿಯ ದೇಶಗಳಲ್ಲೋ ಇರುವರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಆಷಾಢದ ನಡುವೆ ಒಣಗಿದ ಕಟ್ಟಿಗೆ ದೊರೆಯುವುದೇ ಕಷ್ಟ. ಒಂದು ಚಿತೆಗೋ ನಾಲ್ಕೈದು ಕ್ವಿಂಟಾಲು ಬೇಕು. ಘಟ್ಟದ ದಾರಿಯನ್ನೂ ನಂಬುವಂತಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು, ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯೇ ಕಡಿದುಹೋದುದು ಅನೇಕರಿಗೆ ನೆನಪಿರಬಹುದು. ಮಗನು ಬರುವ ತನಕ ಕಾಯಬೇಕೆ, ಬೇಡವೆ, ಕಾಯದಿದ್ದರೆ ಅಗ್ನಿಸ್ಪರ್ಶ ಯಾರದು ಎಂಬುದನ್ನು ಆ ಹೊತ್ತಿನಲ್ಲಿ ಹೇಳತಕ್ಕವರು ಯಾರು?

ಇನ್ನು ವೆಚ್ಚದ ಮಾತು. ಮೊದಲ ದಿನದ ಖರ್ಚಿಗಿಂತ ಮುಂದಿನ ದಿನಗಳದೇ ಭಾರ. ದಾನಗಳು, ಉತ್ತರಕ್ರಿಯೆ, ಹದಿಮೂರನೆಯ ದಿನದ ಸಮಾರಾಧನೆ, ತುಳುವರ ಮನೆಗಳಲ್ಲಿ ಬೊಜ್ಜ: ಇವುಗಳಲ್ಲಿ ಶಾಸ್ತ್ರಕ್ಕೆ ಬೇಕಾದುದು ಅಲ್ಪ, ಲೋಕಾಪವಾದದ ಭಯಕ್ಕೆ ಬೇಕಾದುದು ಅಧಿಕ. ಕಡಿಮೆ ಮಾಡೋಣವೆಂದು ಮಕ್ಕಳು ಬಾಯಿಬಿಡಲಾರರು. ತಂದೆಗೆ ಜಿಪುಣತನ ತೋರಿದರೆಂಬ ಮಾತು ಬಂದೀತು. ಕ್ರಯ ಬರಲೆಂದು ಅಟ್ಟದಲ್ಲಿರಿಸಿದ ಅಡಿಕೆಯನ್ನು ಅಕಾಲದಲ್ಲಿ ಮಾರುವುದು, ಇಲ್ಲವೆ ಸಾಲ ಮಾಡುವುದು ಇದರ ಫಲ. ಆ ಸಾಲವನ್ನು ತೀರಿಸುವವಳು ಹೆಚ್ಚಾಗಿ ಮನೆಯಲ್ಲುಳಿದ ವಿಧವೆಯೇ. ಇಷ್ಟು ಸಾಕು ಎಂದು ನಿಃಸಂಕೋಚವಾಗಿ ಹೇಳುವ ಅಧಿಕಾರವಿರುವುದು ಒಬ್ಬನಿಗೆ ಮಾತ್ರ. ಅವನು ಬದುಕಿರುವಾಗಲೇ ಅದನ್ನು ಹೇಳಬೇಕು.

ಪಾಶ್ಚಾತ್ಯ ದೇಶಗಳಲ್ಲಿ ಅಂತ್ಯಕ್ರಿಯೆಯ ಹಣವನ್ನು ಮುಂಗಡವಾಗಿ ಕಂಪೆನಿಗಳಿಗೆ ಕಟ್ಟುವ ರೂಢಿಯುಂಟು. ಬೆಲೆ ಏರಿದರೂ ಮನೆಯವರಿಗೆ ಹೊರೆಯಾಗದೆಂಬುದು ಅದರ ಗುಣ. ದೋಷವೂ ಇಲ್ಲದಿಲ್ಲ. ಇಂಗ್ಲೆಂಡಿನ ಸೇಫ್ ಹ್ಯಾಂಡ್ಸ್ ಎಂಬ ಕಂಪೆನಿಯು 2022ರ ಮಾರ್ಚಿನಲ್ಲಿ ಕುಸಿದಾಗ ಸುಮಾರು 46,000 ಜನರು ಕಟ್ಟಿದ್ದ ಹಣ ಅಪಾಯಕ್ಕೆ ಸಿಲುಕಿತು. ಅದೇ ವರ್ಷದ ಜುಲೈಯಿಂದ ಅಲ್ಲಿನ ಸರಕಾರವು ಇಂಥ ಯೋಜನೆಗಳನ್ನು ಕಟ್ಟುನಿಟ್ಟಾದ ನಿಯಂತ್ರಣಕ್ಕೆ ಒಳಪಡಿಸಿತು. ಹಣವನ್ನು ಮೊದಲೇ ತೆಗೆದಿಡಬೇಕು, ಆದರೆ ಪರರ ಕೈಗೆ ಕೊಟ್ಟು ಮರೆಯಬಾರದೆಂಬುದು ನಾವು ಇದರಿಂದ ಕಲಿಯತಕ್ಕ ಪಾಠ.

ನಮಗೆ ಸುಲಭೋಪಾಯವು ಹತ್ತಿರದಲ್ಲೇ ಇದೆ. ಮೊಳಹಳ್ಳಿ ಶಿವರಾಯರು ಸಹಕಾರ ತತ್ತ್ವವನ್ನು ಬೇರೂರಿಸಿದ ನೆಲವಿದು. ಊರೂರಿಗೆ ಸಹಕಾರ ಸಂಘವೂ ಬ್ಯಾಂಕೂ ಉಂಟು. ಅಲ್ಲಿ ಪ್ರತ್ಯೇಕವಾಗಿ ಒಂದು ಮೊತ್ತವನ್ನಿರಿಸಿ, ಖಾತೆಯನ್ನು ಪತ್ನಿಯೊಡನೆಯೋ ನಂಬಿದ ಮಗನೊಡನೆಯೋ ಜಂಟಿಯಾಗಿ, ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು ಹಣ ತೆಗೆಯಬಹುದೆಂಬ ನಿಬಂಧನೆಯಿಂದ ತೆರೆಯತಕ್ಕದ್ದು. ಒಬ್ಬನ ಹೆಸರಿನಲ್ಲೇ ಇದ್ದ ಹಣವು ಮರಣಪತ್ರ ದೊರೆಯುವ ತನಕ ಕೈಗೆ ಬಾರದು. ನಾಮನಿರ್ದೇಶನ ಮಾಡಿದ್ದರೂ ಆ ಪತ್ರ ಬೇಕೇ ಬೇಕು.

ಹಣಕ್ಕಿಂತ ಮುಖ್ಯವಾದುದು ಒಂದು ಹಾಳೆ ಕಾಗದ. ಅದರಲ್ಲಿ ಬರೆಯತಕ್ಕವು ಇವು: ದಹನವು ಮನೆಯ ಜಾಗದಲ್ಲೋ ಸಾರ್ವಜನಿಕ ಸ್ಮಶಾನದಲ್ಲೋ, ದೂರದವರಿಗಾಗಿ ಎಷ್ಟು ಹೊತ್ತು ಕಾಯಬೇಕು, ಕ್ರಿಯೆಯನ್ನು ಮಾಡುವವರು ಯಾರು, ಮಗಳೇ ಮಾಡಲೆಂದಿದ್ದರೆ ಅದೂ ಸ್ಪಷ್ಟವಾಗಿ, ಅಸ್ಥಿಯನ್ನು ಉಪ್ಪಿನಂಗಡಿಯ ಸಂಗಮದಲ್ಲಿ ಬಿಡಬೇಕೆ, ಬೇರೆಡೆಯಲ್ಲೆ, ಸಮಾರಾಧನೆಗೆ ಎಷ್ಟು ಮಂದಿ, ಎಷ್ಟು ರೂಪಾಯಿ ಮೀರಬಾರದು. ದೇಹವನ್ನು ವೈದ್ಯಕೀಯ ಮಹಾವಿದ್ಯಾಲಯಕ್ಕೆ ದಾನಮಾಡುವ ಇಚ್ಛೆಯಿದ್ದರೆ ಅಲ್ಲಿನ ಅಂಗರಚನಾ ವಿಭಾಗದಲ್ಲಿ ಮೊದಲೇ ಪತ್ರ ಬರೆದುಕೊಟ್ಟು, ಮನೆಯವರನ್ನೂ ಒಪ್ಪಿಸಿರಬೇಕು. ಇಗರ್ಜಿಗೆ, ಮಸೀದಿಗೆ ಸೇರಿದ ನೆರೆಯವರಿಗೆ ದಫನದ ಸ್ಥಳವನ್ನು ಅವರವರ ಸಂಸ್ಥೆಗಳೇ ಒದಗಿಸುವುವಾದರೂ, ಉಳಿದ ವಿಷಯಗಳನ್ನು ಬರೆದಿಡುವುದು ಅವರಿಗೂ ಹಿತವೇ.

ಇದನ್ನು ಮರಣಶಾಸನದಲ್ಲಿ ಮಾತ್ರ ಬರೆದರೆ ಸಾಲದು. ಇಬ್ಬರು ಸಾಕ್ಷಿಗಳ ರುಜುವಿನಿಂದ ಅದು ಸಿಂಧುವಾಗುವುದು ನಿಜ. ಆದರೆ ಅದನ್ನು ಬಿಚ್ಚಿ ಓದುವುದು ಕ್ರಿಯೆಗಳೆಲ್ಲ ಮುಗಿದ ಬಳಿಕ. ಆದಕಾರಣ ಈ ಕಾಗದವು ಬೇರೆಯೇ ಇದ್ದು, ಎಲ್ಲಿದೆಯೆಂಬುದು ಮನೆಯ ಇಬ್ಬರಿಗಾದರೂ ತಿಳಿದಿರಬೇಕು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕಾದುದರಿಂದ ಆಧಾರ್ ಪತ್ರ ಮೊದಲಾದವನ್ನೂ ಅದರೊಡನೆ ಕಟ್ಟಿಡುವುದು ಲೇಸು.

ಇಂಥ ಏರ್ಪಾಡಿನಿಂದ ಶೋಕವು ಕಡಿಮೆಯಾಗದು. ಆದರೆ ಸೋದರರ ನಡುವಿನ ವಾದಕ್ಕೆ ಎಡೆಯಿರದು, ವಿಧವೆಯು ಸಾಲಕ್ಕೆ ಗುರಿಯಾಗಳು, ಅಳಬೇಕಾದವರಿಗೆ ಅಳಲು ಅವಕಾಶ ದೊರೆಯುವುದು. ಮಳೆಗಾಲಕ್ಕೆ ಮುನ್ನ ಕಟ್ಟಿಗೆಯನ್ನು ಕೊಟ್ಟಿಗೆಗೆ ಸೇರಿಸುವ ವಾಡಿಕೆ ನಮ್ಮ ಮನೆಗಳಲ್ಲಿ ಇನ್ನೂ ಉಂಟಷ್ಟೆ. ಈ ಸಲ ಆ ಕೆಲಸ ಮುಗಿದ ಸಂಜೆ ಮನೆಯವರನ್ನು ಹತ್ತಿರ ಕೂರಿಸಿಕೊಂಡು, ವಾಚಕರು ಈ ಕಾಗದವನ್ನೂ ಬರೆದಿಡುವರೆಂದು ಆಶಿಸುವೆನು.